ಒಂದು ಪುಟದ ಜಾಹೀರಾತು, 24 ಸಂನ್ಯಾಸಿನಿಯರು

1984ರ ಅಕ್ಟೋಬರ್ 7, ಭಾನುವಾರ. ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಅಂದು ಇಡೀ ಒಂದು ಪುಟದ ಜಾಹೀರಾತು ಪ್ರಕಟವಾಯಿತು. ಅದು ಸೋಪನ್ನೋ ಕಾರನ್ನೋ ಮಾರುವ ಜಾಹೀರಾತಲ್ಲ. ಗರ್ಭಪಾತದ ವಿಷಯದಲ್ಲಿ ಶ್ರದ್ಧಾವಂತ ಕ್ಯಾಥೊಲಿಕರಲ್ಲೂ ಒಂದಕ್ಕಿಂತ ಹೆಚ್ಚು ಅಭಿಪ್ರಾಯಗಳಿವೆ ಎಂಬುದು ಅದರ ಸಾರ. ಕೆಳಗೆ 97 ಮಂದಿಯ ಸಹಿ. ಅವರಲ್ಲಿ ದೇವಶಾಸ್ತ್ರದ ಪ್ರಾಧ್ಯಾಪಕರಿದ್ದರು, ಗೃಹಸ್ಥರಿದ್ದರು, ಕೆಲವು ಪಾದ್ರಿಗಳೂ ಬ್ರದರ್‌ಗಳೂ ಇದ್ದರು, ಸಂನ್ಯಾಸಿನಿಯರೂ ಇದ್ದರು.

ಓದುಗರೇ, ಈ ಜಾಹೀರಾತು ಗರ್ಭಪಾತ ಒಳ್ಳೆಯದೆಂದು ಹೇಳಲಿಲ್ಲ. ಅಭಿಪ್ರಾಯಗಳು ಭಿನ್ನವಾಗಿವೆ ಎಂದಿತು, ಭಿನ್ನವಾಗಿ ಮಾತನಾಡಿದವರನ್ನು ಶಿಕ್ಷಿಸಬೇಡಿ ಎಂದು ಕೇಳಿತು. ಎಲ್ಲ ಸಂದರ್ಭಗಳಲ್ಲೂ ಗರ್ಭಪಾತ ಕೂಡದು ಎನ್ನುವ ಕ್ಯಾಥೊಲಿಕರು ನೂರಕ್ಕೆ 11 ಮಂದಿ ಮಾತ್ರ ಎಂಬ ಸಮೀಕ್ಷೆಯ ಅಂಕಿಯನ್ನೂ ಕೊಟ್ಟಿತು. ಧರ್ಮಸಭೆಯ ಉತ್ತರ ಊಹಿಸಲು ಕಷ್ಟವಿಲ್ಲ: ಧರ್ಮಸತ್ಯವನ್ನು ಮತ ಎಣಿಸಿ ತೀರ್ಮಾನಿಸುವುದಿಲ್ಲ. ಆ ಉತ್ತರದಲ್ಲೂ ಹುರುಳಿದೆ ಎಂಬುದನ್ನು ನಾವು ಒಪ್ಪಬೇಕು.

ಜಾಹೀರಾತಿಗೆ ಹಿನ್ನೆಲೆಯಾಗಿ ಒಂದು ಚುನಾವಣೆ ಇತ್ತು. ಆ ವರ್ಷ ಡೆಮಾಕ್ರಟಿಕ್ ಪಕ್ಷ ಜೆರಾಲ್ಡಿನ್ ಫೆರಾರೊ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತ್ತು. ದೊಡ್ಡ ಪಕ್ಷವೊಂದರಿಂದ ಆ ಸ್ಥಾನಕ್ಕೆ ನಿಂತ ಮೊದಲ ಮಹಿಳೆ, ಜೊತೆಗೆ ಕ್ಯಾಥೊಲಿಕ್. ಗರ್ಭಪಾತದ ಬಗ್ಗೆ ಕ್ಯಾಥೊಲಿಕ್ ನಿಲುವು ಏಕಶಿಲೆಯಲ್ಲ ಎಂಬ 1982ರ ಪತ್ರವೊಂದಕ್ಕೆ ಆಕೆ ಸಹಿ ಹಾಕಿದ್ದರು. ಸಭೆಯ ಬೋಧನೆಯನ್ನು ಆಕೆ ತಪ್ಪಾಗಿ ನಿರೂಪಿಸಿದ್ದಾರೆಂದು ನ್ಯೂಯಾರ್ಕಿನ ಆರ್ಚ್‌ಬಿಷಪ್ ಜಾನ್ ಓಕಾನರ್ ಬಹಿರಂಗವಾಗಿಯೇ ಟೀಕಿಸಿದರು. ಜಾಹೀರಾತು ಬಂದದ್ದು ಈ ಬಿಸಿಯಲ್ಲಿ.

ಇಲ್ಲಿ ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು. ಗರ್ಭಪಾತವನ್ನು ಧರ್ಮಸಭೆ ಎಂದೂ ಪಾಪವೆಂದೇ ಎಣಿಸಿದೆ. ಆದರೆ ಅದರ ಶಿಕ್ಷೆ ಕಾಲಕಾಲಕ್ಕೆ ಬದಲಾಗಿದೆ. 1588ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್, ಗರ್ಭ ಎಷ್ಟು ತಿಂಗಳದಾದರೂ ಸರಿ, ಬಹಿಷ್ಕಾರವೇ ಎಂದರು. ಮೂರೇ ವರ್ಷಗಳಲ್ಲಿ, 1591ರಲ್ಲಿ, ಹದಿನಾಲ್ಕನೆಯ ಗ್ರೆಗೊರಿ ಆ ಕಟ್ಟಳೆಯನ್ನು ಸಡಿಲಿಸಿ, ಜೀವ ತುಂಬಿದ ಭ್ರೂಣಕ್ಕೂ ಇನ್ನೂ ತುಂಬದ್ದಕ್ಕೂ ಇದ್ದ ಹಳೆಯ ಭೇದವನ್ನು ಮತ್ತೆ ತಂದರು. ಆ ಭೇದವನ್ನು ಅಳಿಸಿದವರು 1869ರಲ್ಲಿ ಒಂಬತ್ತನೆಯ ಪಿಯುಸ್. 1983ರ ಧರ್ಮಸಂಹಿತೆಯೂ, ಗರ್ಭಪಾತ ನೆರವೇರಿಸಿದವರು ತಾವಾಗಿಯೇ ಬಹಿಷ್ಕಾರಕ್ಕೆ ಒಳಗಾಗುತ್ತಾರೆಂದು ವಿಧಿಸಿತು. ಗಮನಿಸಿ, ನೆರವೇರಿಸಿದವರು. ಆ ವಿಧಿ ಕೃತ್ಯಕ್ಕೆ ಸಂಬಂಧಿಸಿದ್ದು, ಅಭಿಪ್ರಾಯಕ್ಕಲ್ಲ.

ಹಾಗಾದರೆ ಸಹಿ ಹಾಕಿದವರನ್ನು ಹಿಡಿಯುವುದು ಹೇಗೆ? ಗೃಹಸ್ಥರ ಮೇಲೆ ವ್ಯಾಟಿಕನ್ನಿಗೆ ನೇರ ಹಿಡಿತ ಕಡಿಮೆ. ಜಾಹೀರಾತಿನ ಹಿಂದಿದ್ದ ಪ್ರಾಧ್ಯಾಪಕ ಡೇನಿಯಲ್ ಮಗ್ವೈರ್ ಅವರ ಉಪನ್ಯಾಸಗಳನ್ನು ಕೆಲವು ಕ್ಯಾಥೊಲಿಕ್ ಕಾಲೇಜುಗಳು ರದ್ದುಮಾಡಿದವು, ಅಷ್ಟೆ. ಸಂನ್ಯಾಸಿನಿಯರ ಮಾತು ಬೇರೆ. ಅವರು ವಿಧೇಯತೆಯ ವ್ರತ ತೊಟ್ಟವರು. ಮನೆ, ಊಟ, ಮುಪ್ಪಿನ ಆಸರೆ ಎಲ್ಲವೂ ಅವರ ಸಂಘದ್ದೇ. ಚುನಾವಣೆ ಮುಗಿದು ಫೆರಾರೊ ಸೋತ ಮೇಲೆ, ನವೆಂಬರ್ 30ರ ದಿನಾಂಕ ಹೊತ್ತ ಪತ್ರಗಳು ವ್ಯಾಟಿಕನ್ನಿನ ಆರ್ಚ್‌ಬಿಷಪ್ ಹಾಮೆರ್ ಅವರಿಂದ ಸಂಘಗಳ ಮುಖ್ಯಸ್ಥೆಯರಿಗೆ ಬಂದವು. ಸಹಿ ಹಾಕಿದವರು ಬಹಿರಂಗವಾಗಿ ಮಾತು ಹಿಂತೆಗೆದುಕೊಳ್ಳಲಿ, ಇಲ್ಲವೇ ಅವರನ್ನು ಹೊರಹಾಕಿ ಎಂಬುದು ಆದೇಶ. ಹೊರಹಾಕಬೇಕಾದವರು ದೂರದ ರೋಮಿನವರಲ್ಲ, ದಿನಾ ಜೊತೆಗೆ ಪ್ರಾರ್ಥನೆಗೆ ಕೂರುವ ಸೋದರಿಯರೇ. ಈ ಪ್ರಸಂಗದ ನಿಜವಾದ ಬಿಕ್ಕಟ್ಟು ಇದೇ ಎಂದು ನನಗನ್ನಿಸುತ್ತದೆ.

ಪತ್ರಿಕೆಗಳು ಈ ಸಂನ್ಯಾಸಿನಿಯರನ್ನು 'ವ್ಯಾಟಿಕನ್ 24' ಎಂದು ಕರೆದವು. ಪಾದ್ರಿಗಳು, ಬ್ರದರ್‌ಗಳ ಪೈಕಿ ಹೆಚ್ಚಿನವರು ಬೇಗನೆ ಹಿಂದೆ ಸರಿದರು. ಸಂನ್ಯಾಸಿನಿಯರೊಡನೆ ಮಾತುಕತೆ ವರ್ಷಗಟ್ಟಲೆ ನಡೆಯಿತು. ಸಂಘಗಳ ಮುಖ್ಯಸ್ಥೆಯರು ಎರಡೂ ಕಡೆಗೆ ಒಪ್ಪಿಗೆಯಾಗುವ ಪದಗಳನ್ನು ಹುಡುಕಿದರು. 1986ರಲ್ಲಿ ವ್ಯಾಟಿಕನ್, 22 ಮಂದಿ ಸಭೆಯ ಬೋಧನೆಗೆ ಬದ್ಧರೆಂದು ತಿಳಿಸಿದ್ದಾರೆ, ಪ್ರಕರಣ ಮುಗಿಯಿತು ಎಂದಿತು. ಅವರಲ್ಲಿ ಹಲವರು, ನಾವು ಆಡಿದ ಮಾತನ್ನು ಹಿಂತೆಗೆದುಕೊಂಡಿಲ್ಲ ಎಂದು ಕೂಡಲೇ ಹೇಳಿಕೆ ಕೊಟ್ಟರು! ಒಂದೇ ಕಾಗದವನ್ನು ಎರಡು ಕಡೆಯವರು ಎರಡು ಬಗೆಯಲ್ಲಿ ಓದಿದ್ದರು.

ಉಳಿದ ಇಬ್ಬರು ಬಾರ್ಬರಾ ಫೆರಾರೊ ಮತ್ತು ಪಟ್ರೀಷಿಯಾ ಹಸ್ಸಿ. ಅಡ್ಡಹೆಸರು ಕಂಡು ಗಲಿಬಿಲಿ ಬೇಡ, ಈ ಫೆರಾರೊ ಬೇರೆ. ಇಬ್ಬರೂ ನೋಟರ್ ಡೇಮ್ ದ ನಮೂರ್ ಸಂಘದವರು. ಪಶ್ಚಿಮ ವರ್ಜೀನಿಯಾದ ಚಾರ್ಲ್ಸ್‌ಟನ್ನಿನಲ್ಲಿ ಮನೆಯಿಲ್ಲದವರಿಗಾಗಿ 'ಕವನಂಟ್ ಹೌಸ್' ಎಂಬ ಆಸರೆಮನೆ ನಡೆಸುತ್ತಿದ್ದರು. ವ್ಯಾಟಿಕನ್ನಿನ ಅಧಿಕಾರಿಗಳು 1986ರಲ್ಲಿ ವಾಷಿಂಗ್ಟನ್ನಿನಲ್ಲಿ ಇವರನ್ನು ಕಂಡು ಮಾತನಾಡಿದರೂ ಇಬ್ಬರೂ ಕದಲಲಿಲ್ಲ. 1988ರ ಜೂನ್‌ನಲ್ಲಿ, ಇವರನ್ನು ಹೊರಹಾಕುವುದಿಲ್ಲವೆಂದು ಸಂಘವೇ ತೀರ್ಮಾನಿಸಿತು. ಗೆದ್ದಂತಾಯಿತಲ್ಲವೇ? ಆದರೆ ಜುಲೈನಲ್ಲಿ ಇಬ್ಬರೂ ತಾವಾಗಿಯೇ ಸಂಘವನ್ನು ಬಿಟ್ಟರು. ಆಸರೆಮನೆಯ ಕೆಲಸ ಬಿಡಲಿಲ್ಲ.

ಗೃಹಸ್ಥರು ಪೂರ್ತಿ ಸುರಕ್ಷಿತರೆಂದೂ ತಿಳಿಯಬೇಡಿ. 1996ರ ಮಾರ್ಚ್‌ನಲ್ಲಿ ನೆಬ್ರಾಸ್ಕ ರಾಜ್ಯದ ಲಿಂಕನ್ ಧರ್ಮಪ್ರಾಂತದ ಬಿಷಪ್ ಫೇಬಿಯನ್ ಬ್ರಸ್ಕವಿಟ್ಜ್, 12 ಸಂಘಟನೆಗಳನ್ನು ಹೆಸರಿಸಿ, ಅವುಗಳ ಸದಸ್ಯರಾಗಿ ಉಳಿಯುವ ಕ್ಯಾಥೊಲಿಕರಿಗೆ ಮೇ 15ರಿಂದ ಬಹಿಷ್ಕಾರವೆಂದು ಸಾರಿದರು. ಜಾಹೀರಾತು ಹಾಕಿಸಿದ್ದ 'ಕ್ಯಾಥೊಲಿಕ್ಸ್ ಫಾರ್ ಎ ಫ್ರೀ ಚಾಯ್ಸ್' ಆ ಪಟ್ಟಿಯಲ್ಲಿತ್ತು. ಸುಧಾರಣಾವಾದಿಗಳ 'ಕಾಲ್ ಟು ಆಕ್ಷನ್' ರೋಮಿಗೆ ಮೊರೆಹೋಯಿತು. 2006ರಲ್ಲಿ ವ್ಯಾಟಿಕನ್ ಬಿಷಪ್ಪರ ಕ್ರಮವನ್ನೇ ಎತ್ತಿಹಿಡಿಯಿತು. ಆದರೆ ಆಜ್ಞೆ ಲಿಂಕನ್ ಪ್ರಾಂತಕ್ಕೆ ಮಾತ್ರ. ಸುಮಾರು 80 ಕಿಲೋಮೀಟರ್ ದೂರದ ಓಮಾಹಾದಲ್ಲಿ, ಅದೇ ಸಂಘಟನೆಯ ಸದಸ್ಯರಿಗೆ ಅಂಥ ಆಜ್ಞೆ ಇರಲಿಲ್ಲ. ಅವರು ಎಂದಿನಂತೆ ಭಾನುವಾರ ಪರಮಪ್ರಸಾದ ಸ್ವೀಕರಿಸುತ್ತಿದ್ದರು.