ಚರ್ಮವೇ ಮಾಪಕವಾಗಿದ್ದ ಕಾಲ

ರಾಂಟ್‌ಜೆನ್ನನು 1895ರ ನವೆಂಬರಿನಲ್ಲಿ ವ್ಯೂರ್ಟ್ಸ್‌ಬರ್ಗಿನ ತನ್ನ ಪ್ರಯೋಗಶಾಲೆಯಲ್ಲಿ ಕ್ಷ-ಕಿರಣಗಳನ್ನು ಕಂಡ ಕೆಲವೇ ತಿಂಗಳುಗಳಲ್ಲಿ ಅವು ಚರ್ಮವನ್ನು ಸುಡಬಲ್ಲವೆಂಬುದು ತಿಳಿದುಬಂದಿತು. 1901ರಲ್ಲಿ ಆನ್ರಿ ಬೆಕರೆಲ್ಲನು ರೇಡಿಯಮ್ಮಿನ ಪುಟ್ಟ ನಳಿಕೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದುದರ ಫಲವಾಗಿ ಮೈಮೇಲೆ ಹುಣ್ಣು ಮಾಡಿಕೊಂಡನು. ಪಿಯೆರ್ ಕ್ಯೂರಿಯು ಬೇಕೆಂದೇ ರೇಡಿಯಮ್ಮನ್ನು ತನ್ನ ತೋಳಿಗೆ ತಾಗಿಸಿಕೊಂಡು, ವ್ರಣವು ಹೇಗೆ ಮೂಡಿತು, ಹೇಗೆ ಮಾಯಿತು ಎಂಬುದನ್ನು ಬರೆದಿಟ್ಟನು. ಆರೋಗ್ಯವಂತ ಚರ್ಮವನ್ನೇ ಕೆಡಿಸಬಲ್ಲ ಶಕ್ತಿಯು ಅರ್ಬುದವನ್ನೂ ಕೆಡಿಸೀತೆಂಬ ಆಸೆಯು ಆ ವೇಳೆಗಾಗಲೇ ವೈದ್ಯರಲ್ಲಿ ಚಿಗುರಿ, ಸ್ತನದ ಕ್ಯಾನ್ಸರಿನಿಂದ ನರಳುತ್ತಿದ್ದ ಸ್ತ್ರೀಯರನ್ನು ಯಂತ್ರಗಳ ಮುಂದೆ ತಂದು ಮಲಗಿಸಿದ್ದಿತು.

ಆದರೆ ಕಿರಣವನ್ನು ಎಷ್ಟು ಕೊಡಬೇಕು? ಸರ್ವಸಮ್ಮತವಾದ ಮಾನವೊಂದು ಇರಲಿಲ್ಲವಾದುದರಿಂದ ರೋಗಿಯ ಚರ್ಮವೇ ಮಾಪಕವಾಯಿತು. ಎರ್ಲಾಂಗೆನ್ನಿನ ಸೈಟ್ಸ್ ಮತ್ತು ವಿಂಟ್ಸ್ ಎಂಬ ವೈದ್ಯರು 1920ರ ಸುಮಾರಿಗೆ ಇದಕ್ಕೆ ಶಾಸ್ತ್ರರೂಪವನ್ನು ಕೊಟ್ಟು, ವಾರವೊಂದರಲ್ಲಿ ನಸುಗೆಂಪನ್ನೂ ತಿಂಗಳು ಕಳೆಯುವ ಹೊತ್ತಿಗೆ ತೆಳುಗಂದನ್ನೂ ತರುವಷ್ಟು ಕಿರಣವನ್ನು ಒಂದು ಪ್ರಮಾಣವೆಂದು ಎಣಿಸಿದರು. ಅಂದಿನ ಮಂದಶಕ್ತಿಯ ಕಿರಣಗಳು ತಮ್ಮ ಉಗ್ರತೆಯನ್ನು ಚರ್ಮದ ಮೇಲೆಯೇ ಸುರಿದು, ಒಳಗಿನ ಗಡ್ಡೆಯನ್ನು ಮುಟ್ಟುವ ವೇಳೆಗೆ ಕ್ಷೀಣಿಸುತ್ತಿದ್ದುವು. ಗಡ್ಡೆಗೆ ಸಾಲುವಷ್ಟು ಕೊಡಬೇಕಾದರೆ ಚರ್ಮವು ಬೇಯದೆ ಗತ್ಯಂತರವಿರಲಿಲ್ಲ. ಮೊದಲು ಕೆಂಪು, ಬಳಿಕ ತುರಿಕೆ, ಹೊಟ್ಟು, ಕಡೆಗೆ ಮೇಲ್ಪದರವು ಕಳಚಿ ನೀರೊಸರುವ ಹಸಿಗಾಯ. ಬೆವರೂ ಘರ್ಷಣೆಯೂ ಕೂಡುವ ಕಂಕುಳಲ್ಲಿಯೂ ಸ್ತನದ ಕೆಳಮಡಿಕೆಯಲ್ಲಿಯೂ ಆ ಯಾತನೆಯು ಅತ್ಯಧಿಕ. 1936ರಲ್ಲಿ ಹ್ಯಾಂಬರ್ಗಿನಲ್ಲಿ ಸ್ಥಾಪಿತವಾದ ಸ್ಮಾರಕಶಿಲೆಯು, ಈ ಕಿರಣಗಳೊಡನೆ ದುಡಿದು ಬಲಿಯಾದ ವೈದ್ಯರು, ವಿಜ್ಞಾನಿಗಳು ಮೊದಲಾದ 169 ಮಂದಿಯ ಹೆಸರುಗಳನ್ನು ಆರಂಭದಲ್ಲಿ ಹೊತ್ತಿತು. ಅದು ನ್ಯಾಯವೇ, ಆದರೆ ಯಾರ ಮೈಮೇಲಿನ ಕೆಂಪನ್ನು ಓದಿ ಈ ವಿದ್ಯೆಯನ್ನು ಕಲಿತರೋ ಆ ಸ್ತ್ರೀಯರಿಗೆ ಆ ಕಲ್ಲಿನಲ್ಲಿ ಎಡೆಯಿಲ್ಲದಿರುವುದು ನನ್ನನ್ನು ಬಹುವಾಗಿ ನೋಯಿಸುತ್ತದೆ.

1928ರಲ್ಲಿ ಸ್ಟಾಕ್‌ಹೋಮಿನಲ್ಲಿ ಕೂಡಿದ ಕಿರಣತಜ್ಞರ ಸಮ್ಮೇಳನವು ಕಿರಣವನ್ನಳೆಯಲು ರಾಂಟ್‌ಜೆನ್ ಎಂಬ ಮಾನವನ್ನು ಅಂಗೀಕರಿಸಿತು. 1951ರಲ್ಲಿ ಕೆನಡಾದಲ್ಲಿ ಬಳಕೆಗೆ ಬಂದ ಕೋಬಾಲ್ಟ್ ಯಂತ್ರದ ಪ್ರಬಲ ಕಿರಣವು ಸುಮಾರು ಅರ್ಧ ಸೆಂಟಿಮೀಟರ್ ಒಳಹೊಕ್ಕ ಮೇಲೆಯೇ ಪೂರ್ಣಬಲವನ್ನು ತೋರುತ್ತಿದ್ದುದರಿಂದ ಚರ್ಮಕ್ಕೆ ಎಷ್ಟೋ ಬಿಡುಗಡೆ ದೊರೆಯಿತು.

ಅಷ್ಟರಲ್ಲಿ ಕ್ಯಾನ್ಸರಿನ ಔಷಧಗಳ ಯುಗವು ತೊಡಗಿತ್ತು. ಆಕ್ಟಿನೊಮೈಸಿನ್ ಡಿ ಎಂಬ ಔಷಧವನ್ನು ಕೊಟ್ಟಾಗ, ಹಿಂದೆ ಕಿರಣ ತಾಗಿ ಮಾಯ್ದಿದ್ದ ಚರ್ಮವು ಅದೇ ಎಲ್ಲೆಯೊಳಗೆ ಮರಳಿ ಕೆರಳುವುದನ್ನು 1959ರಲ್ಲಿ ಡಾಂಜಿಯೊ ಎಂಬ ವೈದ್ಯನೂ ಅವನ ಸಹೋದ್ಯೋಗಿಗಳೂ ವರ್ಣಿಸಿದರು. ಸ್ತನದ ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್, ಡೊಸಿಟ್ಯಾಕ್ಸೆಲ್, ಟಮಾಕ್ಸಿಫೆನ್‌ಗಳಿಂದಲೂ ಇದು ವಿರಳವಾಗಿ ಉಂಟಾಗುವುದೆಂದು ಮುಂದೆ ಗೊತ್ತಾಯಿತು. ವೈದ್ಯರು ಇದನ್ನು ರೇಡಿಯೇಷನ್ ರಿಕಾಲ್ ಎನ್ನುತ್ತಾರೆ. ಕಿರಣಚಿಕಿತ್ಸೆ ಮುಗಿದು ವಾರಗಳಲ್ಲಿಯೋ ವರ್ಷಗಳ ಮೇಲೆಯೋ ಬರಬಹುದು. ಕಾರಣವು ಇಂದಿಗೂ ವಿವಾದಗ್ರಸ್ತ. ಔಷಧವನ್ನು ವೈದ್ಯರು ನಿಲ್ಲಿಸಿದರೆ ಬಹುಮಟ್ಟಿಗೆ ಶಮಿಸುತ್ತದೆ. ಯೂರೋಪಿನ ಗೌರವರ್ಣದ ಮೇಲೆ ಕೆಂಪೆಂದು ಬರೆದಿಟ್ಟ ಲಕ್ಷಣವು ನಮ್ಮ ಶ್ಯಾಮವರ್ಣದ ಹೆಂಗಸರಲ್ಲಿ ಅನೇಕ ವೇಳೆ ಕಪ್ಪಾಗಿಯೋ ನೇರಿಳೆಯಾಗಿಯೋ ತೋರುವುದರಿಂದ, ಇಲ್ಲಿನ ವೈದ್ಯರು ಬಣ್ಣವನ್ನಷ್ಟೇ ನೆಚ್ಚದೆ ಉರಿ, ಬಿಸಿ, ಊತಗಳನ್ನೂ ವಿಚಾರಿಸಬೇಕಾಗುತ್ತದೆ.