ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಮತೋಲನ ಮತ್ತು ಕಾಂತೀಯ ಪ್ರಚೋದನೆ: ಅಳತೆಯ ಪ್ರಶ್ನೆ

ಪಾರ್ಕಿನ್ಸನ್ ರೋಗಿಯ ಸಮತೋಲನವನ್ನು ವೈದ್ಯರು ಅಳೆಯುವ ಬಗೆ ತೀರ ಸರಳ. ಮೊದಲೇ ಎಚ್ಚರಿಸಿ, ಬೆನ್ನ ಹಿಂದೆ ನಿಂತು, ಎರಡೂ ಭುಜ ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಒಂದೆರಡು ಹೆಜ್ಜೆಯಲ್ಲಿ ಸಾವರಿಸಿಕೊಂಡರೆ ಸೊನ್ನೆ ಅಂಕ. ಹೆಜ್ಜೆಯೇ ಏಳದೆ, ವೈದ್ಯರು ಹಿಡಿಯದಿದ್ದರೆ ಬೀಳುವಂತಿದ್ದರೆ ಮೂರು. ಹೋಯೆನ್ ಮತ್ತು ಯಾರ್ 1967ರಲ್ಲಿ ಗುರುತಿಸಿದ ಕಾಯಿಲೆಯ ಐದು ಹಂತಗಳಲ್ಲಿ ಮೂರನೆಯದರ ಲಕ್ಷಣ ಈ ಅಸ್ಥಿರತೆಯೇ. ಬಿಗಿತ, ನಿಧಾನಗತಿಗಳನ್ನು ಚೆನ್ನಾಗಿ ತಗ್ಗಿಸುವ ಲೆವೊಡೋಪ ಔಷಧ ಇಲ್ಲಿ ಬಹುಮಟ್ಟಿಗೆ ಸೋಲುತ್ತದೆ. ಏಕೆಂದರೆ ಡೋಪಮೀನ್ ತಯಾರಿಸುವವು ಮಾತ್ರವಲ್ಲ, ಮಿದುಳಕಾಂಡದಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ನರಕೋಶಗಳೂ ನಶಿಸಿರುತ್ತವೆ.

ಈ ಅಸ್ಥಿರತೆಯನ್ನು ಹೇಗೆ ತಗ್ಗಿಸುವುದೆಂಬ ಪ್ರಶ್ನೆಗೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವಿಶೇಷ ತೂಕವಿದೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ 2001ರಲ್ಲಿ ಸ್ಥಾಪಿಸಿದ ಆರು ಪಾರ್ಕಿನ್ಸನ್ ಕೇಂದ್ರಗಳಲ್ಲಿ ಒಂದು ಲಾಸ್ ಏಂಜಲೀಸಿನದು. ಏಜೆಂಟ್ ಆರೆಂಜ್ ಎಂಬ ಕಳೆನಾಶಕ ಸೋಂಕಿದ ಸೈನಿಕರಿಗೆ ಈ ಕಾಯಿಲೆ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಇಲಾಖೆ ಒಪ್ಪಿದ್ದು 2010ರಲ್ಲಿ. ಉತ್ತರ ಕೆರೊಲಿನಾದ ಸೇನಾನೆಲೆ ಕ್ಯಾಂಪ್ ಲೆಜೂನ್‌ನ ಕಲುಷಿತ ನೀರು ಕುಡಿದವರಲ್ಲಿ ಪಾರ್ಕಿನ್ಸನ್ ಅಪಾಯ ಶೇ. 70ರಷ್ಟು ಹೆಚ್ಚೆಂದು 2023ರಲ್ಲಿ ತೋರಿಸಿದ ಅಧ್ಯಯನಕ್ಕೆ ಹೋಲಿಕೆಯ ನೆಲೆಯಾದದ್ದು ಸ್ಯಾನ್ ಡಿಯೇಗೊ ಜಿಲ್ಲೆಯ ಕ್ಯಾಂಪ್ ಪೆಂಡಲ್‌ಟನ್.

ಲೆವೊಡೋಪ ಸೋಲುವ ಈ ಸಮತೋಲನದ ವಿಷಯದಲ್ಲಿ ಕಾಂತೀಯ ಪ್ರಚೋದನೆ ಏನು ಮಾಡಬಲ್ಲದು? ಶೆಫೀಲ್ಡಿನ ಆಂಥನಿ ಬಾರ್ಕರ್ ತಂಡ 1985ರಲ್ಲಿ ತೋರಿಸಿದ ಈ ವಿಧಾನದಲ್ಲಿ ತಲೆಯ ಮೇಲೆ ಹಿಡಿದ ತಂತಿಯ ಸುರುಳಿ ಟಕ್ಕೆನ್ನುತ್ತಿದ್ದಂತೆ ಎದುರು ಬದಿಯ ಹೆಬ್ಬೆರಳು ಅದುರುತ್ತದೆ. ಆದರೆ ಕೈಯನ್ನು ಆಡಿಸುವ ಕೇಂದ್ರ ಮಿದುಳಿನ ಮೇಲ್ಮೈಗೆ ಹತ್ತಿರ. ಕಾಲಿನದು ಎರಡು ಅರ್ಧಗೋಳಗಳ ನಡುವಿನ ಸೀಳಿನೊಳಗೆ ಅಡಗಿದೆ. ಆಳಕ್ಕಿಳಿದಂತೆ ಕಾಂತಕ್ಷೇತ್ರ ಬೇಗ ಕುಗ್ಗುವುದರಿಂದ ಮಿದುಳಕಾಂಡವನ್ನಂತೂ ಅದು ನೇರವಾಗಿ ಮುಟ್ಟದು. ಕಾಲಿನ ಕೇಂದ್ರದ ಮೂಲಕವೋ ಕಿರುಮಿದುಳಿನ ಮೂಲಕವೋ ಸುತ್ತುಬಳಸಿ ಹೋಗಬೇಕು. ಕೈಯ ಕೇಂದ್ರದಲ್ಲಿ ಕಂಡ ಫಲವನ್ನು ನಡಿಗೆಗೂ ಅನ್ವಯಿಸುವ ಅವಸರ ನನಗೆ ಒಪ್ಪಿಗೆಯಿಲ್ಲ.

2016ರಲ್ಲಿ ಪ್ರಕಟವಾದ ಬಹುಕೇಂದ್ರ ಪ್ರಯೋಗವೊಂದರಲ್ಲಿ 61 ರೋಗಿಗಳಿದ್ದರು. ಎರಡೂ ಬದಿಯ ಚಲನಾಕೇಂದ್ರಗಳಿಗೆ ದಿನಕ್ಕೆ ತಲಾ 1,000 ಸ್ಪಂದನ ಕೊಟ್ಟಾಗ ಒಂದು ತಿಂಗಳ ಬಳಿಕ ಚಲನೆಯ ಅಂಕ ಸುಧಾರಿಸಿತು. ಆದರೆ ಆ ಅಂಕ ನಡುಕ, ಬಿಗಿತ, ನಿಧಾನಗತಿಗಳೆಲ್ಲದರ ಮೊತ್ತ. ಭುಜ ಎಳೆಯುವ ಪರೀಕ್ಷೆ ಅದರಲ್ಲೊಂದು ಸಣ್ಣ ಪಾಲು, ಅದೂ ಎಳೆಯುವವರ ಕೈಬಲಕ್ಕೆ ತಕ್ಕಂತೆ ಬದಲಾಗುವಂಥದು.

ಅದೇ ವರ್ಷ ಬಂದ ರಿವಾಸ್ಟಿಗ್ಮಿನ್ ಔಷಧದ ಪ್ರಯೋಗ ಬೇರೆ ದಾರಿ ಹಿಡಿದಿತ್ತು. ಮುಖ್ಯ ಅಳತೆ ಹೆಜ್ಜೆಯ ಏರುಪೇರೇ ಆದರೂ, ಬಿದ್ದದ್ದನ್ನೂ ಲೆಕ್ಕವಿಟ್ಟರು: 130 ರೋಗಿಗಳಲ್ಲಿ ಔಷಧ ತೆಗೆದುಕೊಂಡವರು ತಿಂಗಳಿಗೆ 1.4 ಬಾರಿ, ಹುಸಿಮಾತ್ರೆಯವರು 2.4 ಬಾರಿ ಬಿದ್ದಿದ್ದರು. ಸುರುಳಿಯನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಸದ್ದು ಮಾಡಿಯೂ ಪ್ರಚೋದಿಸದ ಹುಸಿಸುರುಳಿಯೊಂದು ಎದುರಿರಬೇಕು, ಯಾವುದು ಅಸಲಿಯೆಂದು ರೋಗಿಗೆ ತಿಳಿಯಬಾರದು, ಮನೆಗೆ ಮರಳಿದ ಮೇಲೂ ತಿಂಗಳುಗಟ್ಟಲೆ ಬಿದ್ದ ದಿನಗಳನ್ನು ಬರೆದಿಡಬೇಕು. ಬಚ್ಚಲಿನಲ್ಲಿ ಜಾರಿದ್ದನ್ನು ಒಂದು ಸಾಲಿನಲ್ಲಿ, ತಿರುಗುವಾಗ ಕಾಲು ಅಂಟಿಕೊಂಡು ಬಿದ್ದದ್ದನ್ನು ಇನ್ನೊಂದು ಸಾಲಿನಲ್ಲಿ ಬೇರೆಯಾಗಿ ದಾಖಲಿಸಬೇಕು; ಎರಡೂ ಒಂದೇ ಕಾರಣದಿಂದ ಆಗುವುದಿಲ್ಲ.