ಗ್ರಂಥಗರ್ಭದ ಆಜ್ಞೆಗಳು: ಸುಳಾದಿಯಿಂದ ಶೆಲ್ ಸ್ಕ್ರಿಪ್ಟಿನವರೆಗೆ

ತುಂಗಭದ್ರೆಯ ತಡಿಯಲ್ಲಿ, ಮಾನವಿಯ ಸೀಮೆಯಲ್ಲಿರುವ ಚೀಕಲಪರ್ವಿಯು ಶ್ರೀ ವಿಜಯದಾಸರ (೧೬೮೨–೧೭೫೫) ಜನ್ಮಸ್ಥಳವೆಂಬುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಅವರ ಸುಳಾದಿಗಳನ್ನು ಬರೆದಿಟ್ಟ ಪುಸ್ತಕಗಳಲ್ಲಿ ಖಂಡಖಂಡದ ಶಿರಸ್ಸಿನಲ್ಲಿ ಧ್ರುವತಾಳ, ಮಟ್ಟತಾಳ, ತ್ರಿವಿಡಿತಾಳ, ಅಟ್ಟತಾಳ, ಆದಿತಾಳ, ಕಡೆಗೆ ಜತೆ ಎಂಬ ಹೆಸರುಗಳು ಕಾಣಬರುತ್ತವೆ. ಇವು ಪದ್ಯದ ಮಾತುಗಳಲ್ಲ. ಇವನ್ನು ಯಾರೂ ಹಾಡುವುದಿಲ್ಲ. ಆದರೆ ಇವಿಲ್ಲದೆ ಹಾಡು ನಡೆಯದು. ‘ಧ್ರುವ’ವೆಂಬುದನ್ನು ಕಂಡೊಡನೆ ಗಾಯಕನ ಕೈ ೧೪ ಅಕ್ಷರಗಳ ಆವರ್ತಕ್ಕೂ, ‘ಮಟ್ಟ’ವೆಂಬುದನ್ನು ಕಂಡೊಡನೆ ೧೦ ಅಕ್ಷರಗಳ ಆವರ್ತಕ್ಕೂ ತಿರುಗುತ್ತದೆ. ಕೀರ್ತನೆಯಲ್ಲಿ ಪಲ್ಲವಿಯನ್ನು ಗುರುತಿಸುವ ‘ಪ’ ಎಂಬ ಒಂಟಿ ಅಕ್ಷರವೂ ಇಂತಹುದೇ: ಪ್ರತಿಯೊಂದು ಚರಣದ ತರುವಾಯ ಇಲ್ಲಿಗೆ ಹಿಂದಿರುಗಬೇಕೆಂಬುದೇ ಅದರ ಅಭಿಪ್ರಾಯ. ಸುಳಾದಿಯನ್ನು ಬರಿಯ ಸಾಹಿತ್ಯವೆಂದು ಪಾಠ ಹೇಳುವಾಗ ತಾಳನಾಮಗಳನ್ನು ಬಿಟ್ಟು ಓದುವ ರೂಢಿ ಯುಕ್ತವಾದುದಲ್ಲ. ಬಿಟ್ಟರೆ ಉಳಿಯುವುದು ಅರ್ಥ ಮಾತ್ರ, ಪ್ರಯೋಗವಲ್ಲ.

ವೈಯಾಕರಣರಿಗೆ ಈ ವಿಷಯವು ಹೊಸದಾಗಿ ತೋರದು. ಪಾಣಿನಿಯ ‘ಕ್ತ’ ಪ್ರತ್ಯಯದಲ್ಲಿರುವ ಕಕಾರವು ಉಚ್ಚಾರಣೆಗಾಗಿ ಬಂದುದಲ್ಲ. ಧಾತುವಿನ ಸ್ವರಕ್ಕೆ ಗುಣವು ಬಾರದಂತೆ ತಡೆದು, ತಾನು ಲೋಪಹೊಂದುತ್ತದೆ. ಆದುದರಿಂದಲೇ ‘ಜಿ’ ಧಾತುವಿನಿಂದ ‘ಜಿತ’ವೆಂದಾಗುವುದು, ಆ ಕಕಾರವಿಲ್ಲದ ‘ತೃಚ್’ ಪರವಾದಲ್ಲಿ ‘ಜೇತೃ’ ಎಂದು ಗುಣವು ಬಂದೇ ಬರುತ್ತದೆ.

ಗಣಕಯಂತ್ರದ ಲೋಕದಲ್ಲಿ ಇದೇ ನ್ಯಾಯವು ಬೇರೊಂದು ಮಾರ್ಗದಿಂದ ಬೆಳೆದುಬಂದಿತು. ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ನನು ಯೂನಿಕ್ಸಿಗಾಗಿ ರಚಿಸಿದ ‘ಎಡ್’ ಎಂಬ ಟೆಕ್ಸ್ಟ್ ಎಡಿಟರಿನ ಸಂಪ್ರದಾಯದಲ್ಲಿ, ಆಶ್ಚರ್ಯಚಿಹ್ನೆಯನ್ನು ಮುಂದಿಟ್ಟು ಬರೆದ ಸಾಲು ‘ಶೆಲ್’ ಎಂಬ ಆಜ್ಞಾವಾಹಕಕ್ಕೆ ಸಲ್ಲುತ್ತದೆ. ೧೯೭೬ರಲ್ಲಿ ಬಿಲ್ ಜಾಯ್ ಆರಂಭಿಸಿದ ‘ವಿ-ಐ’ಯಲ್ಲಿ ಬರಹದ ಸಾಲುಗಳನ್ನೇ ಶೆಲ್ಲಿನ ಆಜ್ಞೆಯೊಂದರ ಮೂಲಕ ಹಾಯಿಸಿ, ಫಲವನ್ನು ಅದೇ ಸ್ಥಾನದಲ್ಲಿ ನಿಲ್ಲಿಸಬಹುದು. ಶಬ್ದಗಳ ಪಟ್ಟಿಯನ್ನು ಕ್ಷಣಮಾತ್ರದಲ್ಲಿ ಅಕಾರಾದಿಯಾಗಿ ಜೋಡಿಸುವ ಈ ಸೌಕರ್ಯವು ನಿಘಂಟುಕಾರನಿಗೆ ದೊರೆತ ವರವೇ ಸರಿ. ರಾಬ್ ಪೈಕ್ ೧೯೯೪ರಲ್ಲಿ ವಿವರಿಸಿದ ‘ಆಕ್ಮಿ’ಯಾದರೋ ಇನ್ನೂ ಮುಂದೆ ಹೋಯಿತು: ಅದರಲ್ಲಿ ಪುಟದ ಯಾವ ಮಾತನ್ನಾದರೂ ಮೌಸಿನ ನಡುಗುಂಡಿಯಿಂದ ಮುಟ್ಟಿದರೆ ಅದು ಆಜ್ಞೆಯಾಗುತ್ತದೆ. ೧೯೮೪ರಲ್ಲಿ ಡೊನಾಲ್ಡ್ ಕ್ನೂತ್ ವಿವರಣೆಯನ್ನೂ ಪ್ರೋಗ್ರಾಮನ್ನೂ ಒಂದೇ ಗ್ರಂಥವಾಗಿ ಬರೆಯಬೇಕೆಂದು ಪ್ರತಿಪಾದಿಸಿದ್ದನು. ಈಮ್ಯಾಕ್ಸಿನ ‘ಆರ್ಗ್’ ಎಂಬ ಅಂಗದಲ್ಲಿ ಅದಕ್ಕೆ ಹತ್ತಿರವಾದ ರೂಪವೊಂದು ಸಿದ್ಧಿಸಿತು. ೨೦೧೦ರಿಂದ ಅದರಲ್ಲಿ ಸೇರಿರುವ ‘ಬೇಬಲ್’ ಎಂಬ ಭಾಗದ ಮೂಲಕ ಗದ್ಯದ ನಡುವೆ ಇಟ್ಟ ಶೆಲ್ ಸ್ಕ್ರಿಪ್ಟನ್ನು ಅಲ್ಲಿಯೇ ನಡೆಸಿ, ಉತ್ತರವನ್ನು ಅದರ ಕೆಳಗೆಯೇ ಬರೆಯಿಸಬಹುದು.

ಇಲ್ಲೊಂದು ಶಂಕೆ ಏಳುತ್ತದೆ. ತಾಳನಾಮವು ತಪ್ಪಾಗಿ ಬಿದ್ದಿದ್ದರೆ ಬಲ್ಲ ಗಾಯಕನು ಸಾಹಿತ್ಯದ ನಡೆಯನ್ನು ನೋಡಿ ಸಂಶಯಪಡುತ್ತಾನೆ, ಕೈಯನ್ನು ತಡೆಯುತ್ತಾನೆ. ಯಂತ್ರಕ್ಕೆ ಆ ಸಂಶಯವಿಲ್ಲ. ವಿ-ಐಯ ಸಂತತಿಯಾದ ‘ವಿಮ್’ನಲ್ಲಿ ಕಡತದ ಮೊದಲ ಇಲ್ಲವೆ ಕೊನೆಯ ಐದು ಸಾಲುಗಳೊಳಗೆ ಬರೆದ ಸೂಚನೆಗಳನ್ನು ತಾನೇ ಪಾಲಿಸುವ ಪದ್ಧತಿಯುಂಟು. ಕಡತವನ್ನು ಬಿಚ್ಚಿದ ಮಾತ್ರಕ್ಕೆ ಪರರ ಆಜ್ಞೆಯು ನಡೆದುಹೋಗುವಂತಹ ರಂಧ್ರವು ಅದರಲ್ಲಿರುವುದು ೨೦೧೯ರಲ್ಲಿ ಬೆಳಕಿಗೆ ಬಂದು, ೮.೧.೧೩೬೫ನೆಯ ಆವೃತ್ತಿಯಲ್ಲಿ ಮುಚ್ಚಲ್ಪಟ್ಟಿತು. ಓದುವವನು ಓದುತ್ತಿದ್ದೇನೆಂದೇ ಭಾವಿಸಿರುವಾಗ ಗ್ರಂಥವು ಕೆಲಸಮಾಡಿ ಮುಗಿಸಿರುತ್ತಿತ್ತು! ಆರ್ಗ್‌ನ ಕರ್ತೃಗಳಾದರೋ, ಬಳಕೆದಾರನು ಬದಲಾಯಿಸದಿರುವವರೆಗೆ, ಸ್ಕ್ರಿಪ್ಟನ್ನು ನಡೆಸುವ ಮುನ್ನ ಪ್ರತಿಸಲವೂ ಅವನ ಅನುಮತಿಯನ್ನು ಕೇಳುವಂತೆ ಏರ್ಪಡಿಸಿದ್ದಾರೆ.